ಡೀಸೆಲ್ ಕಾರಿಗೆ ಪೆಟ್ರೋಲ್ ಎಂಜಿನ್: ಹಳೆಯ ಗಾಡಿ ಇದರಿಂದ ಉಳಿಯುತ್ತದೆಯೇ?

ದೆಹಲಿಯ ಹಳೆಯ ಕಾರುಗಳ ಸುದ್ದಿ 2025ರಲ್ಲಿ ಎಷ್ಟು ಸಲ ಮಗ್ಗುಲು ಬದಲಿಸಿತೆಂದರೆ, ದಿನಾ ಪೇಪರ್ ಓದುವವರಿಗೂ ಲೆಕ್ಕ ತಪ್ಪಿತು. ಏಪ್ರಿಲ್‌ನಲ್ಲಿ ಒಂದು ಆದೇಶ ಬಂತು. ಜುಲೈ 1ಕ್ಕೆ ಜಾರಿಯಾಯಿತು. ವಾರ ಕಳೆಯುವುದರೊಳಗೆ ಮುಂದಕ್ಕೆ ಹೋಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರಿಗೆ ರಕ್ಷಣೆ ಕೊಟ್ಟಿತು. ಡಿಸೆಂಬರ್‌ನಲ್ಲಿ ಅದೇ ರಕ್ಷಣೆಗೆ ಕತ್ತರಿ ಬಿತ್ತು.

ಈ ಗದ್ದಲದ ನಡುವೆ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಡೀಸೆಲ್ ಕಾರಿಗೆ 10 ವರ್ಷ, ಪೆಟ್ರೋಲ್ ಕಾರಿಗೆ 15 ವರ್ಷ ಎಂದು ನಿಯಮ ಇದ್ದರೆ, ಡೀಸೆಲ್ ಎಂಜಿನ್ ಇಳಿಸಿ ಪೆಟ್ರೋಲ್ ಎಂಜಿನ್ ಕೂರಿಸಿಬಿಟ್ಟರೆ ಇನ್ನೂ 5 ವರ್ಷ ಸಿಗುತ್ತದಲ್ವಾ? ಕಾರಿನ ಬಾಡಿ ಗಟ್ಟಿಯಿದೆ, ಸೀಟು ಚೆನ್ನಾಗಿದೆ, ಎಸಿ ತಣ್ಣಗಿದೆ. ತಕರಾರು ಇರುವುದು ಎಂಜಿನ್ ಮೇಲೆ ಮಾತ್ರ. ಹಾಗಾದರೆ ಅದನ್ನಷ್ಟೇ ಬದಲಿಸಿದರೆ ಸಾಕಲ್ಲ?

ಮೆಕ್ಯಾನಿಕ್‌ನ ಕಣ್ಣಿನಿಂದ ನೋಡಿದರೆ ಇದು ಆಗದ ಕೆಲಸವಲ್ಲ. ಆದರೆ ಈ ನಿಯಮ ನಡೆಯುವುದು ಎಂಜಿನ್ ನೋಡಿ ಅಲ್ಲ, ಕಾಗದ ನೋಡಿ. ಗೊಂದಲದ ಬುಡ ಇರುವುದು ಅಲ್ಲೇ.

ನಿಯಮ ಬಂದ ದಾರಿ

ಶುರುವಾಗಿದ್ದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಿಂದ. 2015ರ ಏಪ್ರಿಲ್‌ನಲ್ಲಿ ಅದು ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದು ಎಂದಿತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಇದಕ್ಕೆ ಮುದ್ರೆ ಒತ್ತಿತು. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ಎಂಬ ಲೆಕ್ಕ ಗಟ್ಟಿಯಾಗಿದ್ದು ಆಗ.

ಆದರೂ ಹಳೆಯ ಗಾಡಿಗಳು ಓಡುತ್ತಲೇ ಇದ್ದವು. ಹಿಡಿಯುವವರು ಕಡಿಮೆ. ಅದಕ್ಕೇ ವಾಯು ಗುಣಮಟ್ಟ ನಿರ್ವಹಣಾ ಆಯೋಗ 2025ರ ಏಪ್ರಿಲ್‌ನಲ್ಲಿ ಬೇರೆ ದಾರಿ ಹುಡುಕಿತು. ರಸ್ತೆಯಲ್ಲಿ ಹಿಡಿಯುವುದು ಕಷ್ಟವಾದರೆ ಬಂಕ್‌ನಲ್ಲಿ ಎಣ್ಣೆಯನ್ನೇ ಹಾಕಬೇಡಿ ಎಂದಿತು. ಬಂಕ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬಂದವು. ಜುಲೈ 1ರಂದು ಶುರುವಾದ ಈ ಕ್ರಮಕ್ಕೆ ಜನ ಸಿಟ್ಟಾದರು. ದೆಹಲಿ ಸರ್ಕಾರವೇ ಸ್ವಲ್ಪ ತಡೆಯಿರಿ ಎಂದು ಆಯೋಗಕ್ಕೆ ಪತ್ರ ಬರೆಯಿತು. ಜಾರಿಯನ್ನು ನವೆಂಬರ್ 1ಕ್ಕೆ ಮುಂದೂಡಲಾಯಿತು.

ಆಮೇಲೆ ವಿಷಯ ಮತ್ತೆ ಕೋರ್ಟಿಗೆ ಹೋಯಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ಬರೀ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್ 17ರಂದು ಆ ಮಾತನ್ನು ತಿದ್ದಿತು. ಬಿಎಸ್ ಎಂದರೆ ಭಾರತ್ ಸ್ಟೇಜ್, ಗಾಡಿ ಎಷ್ಟು ಹೊಗೆ ಬಿಡಬಹುದು ಎಂಬ ಮಾನದಂಡ; ಅಂಕಿ ಏರಿದಂತೆ ಮಿತಿ ಬಿಗಿಯಾಗುತ್ತದೆ. ಬಿಎಸ್-4 ಮತ್ತು ಅದಕ್ಕಿಂತ ಮೇಲಿನ ಗಾಡಿಗಳಿಗೆ ಮಾತ್ರ ರಕ್ಷಣೆ, ಬಿಎಸ್-3 ಮತ್ತು ಅದಕ್ಕಿಂತ ಕೆಳಗಿನವುಗಳ ಮೇಲೆ ಕ್ರಮ ಕೈಗೊಳ್ಳಬಹುದು ಎಂದಿತು. ಈ ತಿದ್ದುಪಡಿ ಎಂಜಿನ್ ಬದಲಿಸುವ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಹೇಗೆ ಎನ್ನುವುದು ಮುಂದೆ ಬರುತ್ತದೆ.

ಡೀಸೆಲ್ ಮೇಲೇ ಯಾಕೆ ಕಣ್ಣು?

ಒಂದೇ ವರ್ಷದ ಎರಡು ಕಾರು ಇಟ್ಟುಕೊಳ್ಳಿ. ಬಿಎಸ್-3 ಮಾನದಂಡದಲ್ಲಿ ಪೆಟ್ರೋಲ್ ಕಾರು ಕಿಲೋಮೀಟರಿಗೆ 0.15 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು. ಡೀಸೆಲ್ ಕಾರಿಗೆ 0.50 ಗ್ರಾಂ ತನಕ ಅವಕಾಶ ಇತ್ತು. ಬಿಎಸ್-4ರಲ್ಲಿ ಇದು 0.08 ಮತ್ತು 0.25 ಆಯಿತು. ಅಂದರೆ ಕಾನೂನೇ ಡೀಸೆಲ್‌ಗೆ ಮೂರು ಪಟ್ಟು ಸಡಿಲ ಬಿಟ್ಟಿತ್ತು. ಇದರ ಮೇಲೆ ಮಸಿಯ ಕಣ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಬಿಎಸ್-6 ಬಂದಾಗ ಅಂತರ ಹೆಚ್ಚೂಕಮ್ಮಿ ಮುಚ್ಚಿತು. ಪೆಟ್ರೋಲ್‌ಗೆ 0.06, ಡೀಸೆಲ್‌ಗೆ 0.08. ಆದರೆ ಇದನ್ನು ಸಾಧಿಸಲು ಡೀಸೆಲ್ ಕಾರಿಗೆ ದುಬಾರಿ ಫಿಲ್ಟರ್ ಬೇಕಾಯಿತು. ಸಣ್ಣ ಕಾರಿನಲ್ಲಿ ಆ ಖರ್ಚು ಗಿಟ್ಟಲಿಲ್ಲ. ಮಾರುತಿ ಸುಜುಕಿ 2020ರಲ್ಲಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು.

ಕ್ಯಾಮೆರಾಗೆ ಬಾನೆಟ್ ಒಳಗಿನದು ಕಾಣುವುದಿಲ್ಲ

ಬಂಕ್‌ನ ಕ್ಯಾಮೆರಾ ನೋಡುವುದು ನಂಬರ್ ಪ್ಲೇಟನ್ನು. ಆ ನಂಬರ್ ಕೇಂದ್ರದ ‘ವಾಹನ್’ ದಾಖಲೆಗೆ ಹೋಗುತ್ತದೆ. ಅಲ್ಲಿ ಇಂಧನ ಡೀಸೆಲ್, ನೋಂದಣಿ ಇಂಥ ವರ್ಷ ಎಂದಿದ್ದರೆ ಉತ್ತರ ಅಷ್ಟೇ. ಬಾನೆಟ್ ಒಳಗೆ ಪೆಟ್ರೋಲ್ ಎಂಜಿನ್ ಇದೆಯೋ, ಎತ್ತಿನ ಜೋಡಿ ಇದೆಯೋ, ಅದಕ್ಕೆ ಗೊತ್ತಾಗುವುದಿಲ್ಲ.

ಎಮಿಷನ್ ಟೆಸ್ಟ್‌ನಲ್ಲೂ ಇದೇ ಕಥೆ. ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೆಯುತ್ತಾರೆ. ಡೀಸೆಲ್‌ಗೆ ಹೊಗೆ ಎಷ್ಟು ದಟ್ಟ ಎಂದು ಅಳೆಯುತ್ತಾರೆ. ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಡೀಸೆಲ್ ಎಂದೇ ಉಳಿದರೆ, ಪೆಟ್ರೋಲ್ ಎಂಜಿನ್‌ಗೆ ಡೀಸೆಲ್ ಪರೀಕ್ಷೆ ಮಾಡಬೇಕಾದ ವಿಚಿತ್ರ ಸ್ಥಿತಿ ಬರುತ್ತದೆ. ಗಾಜಿಗೆ ಅಂಟಿಸುವ ಸ್ಟಿಕ್ಕರ್ ಕೂಡ ಆರ್‌ಸಿಯನ್ನೇ ನಂಬುತ್ತದೆ. ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ.

ಹಾಗಾಗಿ ಎಂಜಿನ್ ಬದಲಿಸುವುದು ಅರ್ಧ ಕೆಲಸ ಮಾತ್ರ. ಆರ್‌ಸಿಯಲ್ಲಿ ಇಂಧನದ ಹೆಸರು ಬದಲಾದರೆ ಮಾತ್ರ ಉಳಿದರ್ಧ ಆಗುತ್ತದೆ. ಸಿಕ್ಕಿಹಾಕಿಕೊಳ್ಳುವುದು ಈ ಎರಡನೆಯ ಅರ್ಧದಲ್ಲಿ.

ಕಾನೂನು ಎಲ್ಲಿ ಬಿಡುತ್ತದೆ, ಎಲ್ಲಿ ತಡೆಯುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆ ತಪ್ಪುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಕಂಪನಿಯ ಮೂಲ ವಿವರ ಮೀರುವ ಬದಲಾವಣೆಗೆ ಅವಕಾಶವಿಲ್ಲ ಎಂದಿತು.

ಅದೇ ಸೆಕ್ಷನ್‌ನಲ್ಲಿ ಒಂದು ಕಿಂಡಿಯೂ ಇದೆ. ಗಾಡಿ ಬೇರೆ ಇಂಧನದಲ್ಲಿ ಓಡಲು ಪರಿವರ್ತನಾ ಕಿಟ್ ಹಾಕಿಸಬಹುದು. ಬ್ಯಾಟರಿ, ಸಿಎನ್‌ಜಿ, ಎಲ್‌ಪಿಜಿ, ಸೌರಶಕ್ತಿ ಎಂದು ಅಲ್ಲಿ ಹೆಸರು ಹಿಡಿದೇ ಹೇಳಿದೆ. ಕಿಟ್‌ಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಅಂಥ ಸಂಸ್ಥೆಗಳು. ಯಾವ ಮಾಡೆಲ್‌ಗೆ ಒಪ್ಪಿಗೆ ಸಿಕ್ಕಿದೆಯೋ ಅದಕ್ಕಷ್ಟೇ ಆ ಕಿಟ್. 2022ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಬಾಗಿಲು ತೆರೆಯಿತು. 3.5 ಟನ್‌ಗಿಂತ ಕಡಿಮೆ ತೂಕದ ಬಿಎಸ್-6 ವಾಹನಗಳಲ್ಲಿ ಡೀಸೆಲ್ ಎಂಜಿನ್ ತೆಗೆದು ಸಿಎನ್‌ಜಿ ಅಥವಾ ಎಲ್‌ಪಿಜಿ ಎಂಜಿನ್ ಹಾಕಲು ನಿಯಮ ಮಾಡಿತು. ಬಿಎಸ್-6 ಎಂದರೆ ಹೊಸ ಗಾಡಿಗಳು. ಹತ್ತು ವರ್ಷದ ಹಳೆಯ ಕಾರಿಗೆ ಇದರಿಂದ ಏನೂ ದಕ್ಕುವುದಿಲ್ಲ.

ಗುಜರಿಗೆ ಹೋದ ಪೆಟ್ರೋಲ್ ಕಾರಿನಿಂದ ಎಂಜಿನ್ ಬಿಚ್ಚಿ ತಂದು ಡೀಸೆಲ್ ಕಾರಿಗೆ ಕೂರಿಸುವುದು ಈ ಯಾವ ಚೌಕಟ್ಟಿಗೂ ಸರಿಯಾಗಿ ಹೊಂದುವುದಿಲ್ಲ. ಅದು ಪರೀಕ್ಷೆ ಪಾಸಾದ ಕಿಟ್ ಅಲ್ಲ. ಅದೇ ಮಾದರಿಯ ಎಂಜಿನ್ ಕೂಡ ಅಲ್ಲ. ಎಂಜಿನ್ ಹಾಳಾಗಿ ಅದೇ ಜಾತಿಯ ಇನ್ನೊಂದನ್ನು ಹಾಕಿಸಿ, ಆರ್‌ಟಿಒಗೆ ತಿಳಿಸಿ ನಂಬರ್ ಬದಲಿಸಿಕೊಳ್ಳುವುದು ಬೇರೆ ಮಾತು. ಅದು ನಡೆಯುವ ಕೆಲಸ. ಇಂಧನವೇ ಬದಲಾದಾಗ ಅಧಿಕಾರಿಗೆ ಸಹಿ ಹಾಕಲು ಆಧಾರ ಇರುವುದಿಲ್ಲ. ಒಪ್ಪಿಗೆ ಇಲ್ಲದೆ ಬದಲಿಸಿದರೆ 2019ರ ತಿದ್ದುಪಡಿಯಂತೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ತಂದ ಎಂಜಿನ್‌ಗೂ ಒಂದು ನಂಬರ್ ಇರುತ್ತದೆ, ಅದು ಬೇರೆ ಯಾವುದೋ ಆರ್‌ಸಿಯಲ್ಲಿ ಕೂತಿರುತ್ತದೆ. ಆ ಕಾರು ಸರಿಯಾಗಿ ಗುಜರಿಗೆ ಹೋಗಿದೆಯೇ, ನೋಂದಣಿ ರದ್ದಾಗಿದೆಯೇ ಎಂಬ ಕಾಗದ ಇಲ್ಲದಿದ್ದರೆ, ನಾಳೆ ಅದು ಕಳವಿನ ಮಾಲು ಎಂದು ಯಾರಾದರೂ ಬಂದಾಗ ಉತ್ತರ ಹೇಳಬೇಕಾದವರು ಕಾರಿನ ಮಾಲೀಕರೇ.

ಎಂಜಿನ್ ಒಂದೇ ಬದಲಾಗುವುದಿಲ್ಲ

ಕಾನೂನು ಬದಿಗಿಡೋಣ. ಕೆಲಸವಾದರೂ ಎಷ್ಟು ದೊಡ್ಡದು?

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿ ಬಿಸಿ ಮಾಡಿ, ಅದಕ್ಕೆ ಡೀಸೆಲ್ ಸಿಂಪಡಿಸಿದರೆ ತಾನಾಗೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ ಒತ್ತುವುದು ಒಂಬತ್ತರಿಂದ ಹನ್ನೆರಡು ಪಟ್ಟು, ಕಿಡಿ ಹಚ್ಚುವುದು ಪ್ಲಗ್. ಹಾಗಾಗಿ ಇದ್ದ ಡೀಸೆಲ್ ಎಂಜಿನ್ನಿಗೇ ಪೆಟ್ರೋಲ್ ಕುಡಿಸಲು ಬರುವುದಿಲ್ಲ, ಇಡೀ ಎಂಜಿನ್ನೇ ಬದಲಾಗಬೇಕು. ಅದರ ಜೊತೆಗೆ ಇಂಧನದ ದಾರಿ ಪೂರ್ತಿ ಬದಲಾಗಬೇಕು. ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಇಂಧನ ಹಂಚುವ ಕಾಮನ್ ರೈಲ್ ಡೀಸೆಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಸಾಮಾನ್ಯ ಪೆಟ್ರೋಲ್ ಕಾರಿಗೆ ಮೂರು ನಾಲ್ಕು ಬಾರ್ ಸಾಕು, ಆದರೆ ಪಂಪ್ ಟ್ಯಾಂಕಿನ ಒಳಗೇ ಇರಬೇಕು. ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯೂ ಬೇಕು. ಅದನ್ನು ಬಿಟ್ಟು ಹಳೆಯ ಡೀಸೆಲ್ ಟ್ಯಾಂಕಿಗೇ ಪೆಟ್ರೋಲ್ ಸುರಿಯುವುದು ಬೆಂಕಿಯ ಜೊತೆ ಆಟ. ಡೀಸೆಲ್ ಹಾಗೆ ಸುಲಭವಾಗಿ ಆವಿಯಾಗುವುದಿಲ್ಲ, ಪೆಟ್ರೋಲ್ ಕೊರೆಯುವ ಚಳಿಯಲ್ಲೂ ಆವಿಯಾಗುತ್ತದೆ.

ಬ್ರೇಕ್ ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಪೆಡಲ್ ಹಗುರಾಗಲು ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ ಅರ್ಧ ಮುಚ್ಚಿರುವುದರಿಂದ ಅದು ತಾನಾಗೇ ಸಿಗುತ್ತದೆ. ಡೀಸೆಲ್‌ನಲ್ಲಿ ಅದಕ್ಕಾಗಿ ಎಂಜಿನ್ನಿಗೇ ಪ್ರತ್ಯೇಕ ಪಂಪ್ ಇರುತ್ತದೆ. ಎಂಜಿನ್ ಹೋದರೆ ಪಂಪ್ ಕೂಡ ಹೋಗುತ್ತದೆ. ಹೊಸ ಪೈಪನ್ನು ಸರಿಯಾಗಿ ಜೋಡಿಸದಿದ್ದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಅದೂ ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಗೇರ್‌ಬಾಕ್ಸ್ ಉಳಿಸಿಕೊಳ್ಳುತ್ತೇನೆ ಅಂದರೂ ಕಷ್ಟ. ಡೀಸೆಲ್‌ಗೆ ಎಳೆತ ಬರುವುದು ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ, 4,500–5,000ಕ್ಕೆ ಅದರ ಆಟ ಮುಗಿಯುತ್ತದೆ. ಪೆಟ್ರೋಲ್ 6,000 ತನಕ ತಿರುಗುತ್ತದೆ, ಎಳೆತ ಬರುವುದು ಮೇಲೆ ಹೋದಾಗ. ಡೀಸೆಲ್ ಗೇರ್‌ಗಳನ್ನು ಕಡಿಮೆ ಸುತ್ತಿನಲ್ಲಿ ಜಾಸ್ತಿ ದೂರ ಹೋಗುವಂತೆ ಕಡೆದಿರುತ್ತಾರೆ. ಅದಕ್ಕೆ ಪೆಟ್ರೋಲ್ ಎಂಜಿನ್ ಜೋಡಿಸಿದರೆ ಘಾಟಿ ಹತ್ತುವಾಗ ಎರಡನೇ ಗೇರ್‌ನಲ್ಲೂ ಕ್ಲಚ್ ಒದ್ದಾಡುತ್ತದೆ. ಡೀಸೆಲ್ ಎಂಜಿನ್ ಭಾರ ಜಾಸ್ತಿ. ಹಗುರ ಎಂಜಿನ್ ಬಂದ ಮೇಲೆ ಮುಂದಿನ ಸ್ಪ್ರಿಂಗ್ ಕಾರನ್ನು ಎತ್ತಿ ನಿಲ್ಲಿಸುತ್ತದೆ. ಇದರ ಮೇಲೆ ಸೈಲೆನ್ಸರ್ ಸಾಲಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಬೇರೆ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ಬೇರೆ ವೈರಿಂಗ್, ಕಳ್ಳತನ ತಡೆಯುವ ಕೀಲಿಯ ಇಮ್ಮೊಬಿಲೈಸರ್, ಮೀಟರ್ ಬೋರ್ಡ್.

ಒಂದೇ ಒಂದು ಸಂದರ್ಭದಲ್ಲಿ ಕೆಲಸ ಸ್ವಲ್ಪ ಹಗುರ. ಅದೇ ಕಾರು ಕಂಪನಿಯಿಂದಲೇ ಎರಡೂ ಬಗೆಯಲ್ಲಿ ಬಂದಿರಬೇಕು. ಹಿಂದಿನ ಸ್ವಿಫ್ಟ್ 1.3 ಲೀಟರ್ ಡೀಸೆಲ್ ಮತ್ತು 1.2 ಲೀಟರ್ ಪೆಟ್ರೋಲ್‌ನಲ್ಲಿ ಸಿಗುತ್ತಿತ್ತು. ಆಗ ಮೌಂಟಿಂಗ್‌ನಿಂದ ಟ್ಯಾಂಕ್‌ವರೆಗೆ ಎಲ್ಲ ಭಾಗವೂ ಎಲ್ಲೋ ಒಂದು ಕಡೆ ಸಿಗುತ್ತದೆ. ಆದರೂ ಇಡೀ ಪೆಟ್ರೋಲ್ ಕಾರನ್ನೇ ತಂದು ಬಿಚ್ಚಬೇಕು. ಇಡೀ ಕಾರು ತರುವುದಾದರೆ ಅದನ್ನೇ ಓಡಿಸಬಹುದಲ್ಲ ಎಂಬ ಪ್ರಶ್ನೆ ಸಹಜ.

ಹಿಂದೆ ಗಾಳಿ ಎದುರು ದಿಕ್ಕಿನಲ್ಲಿತ್ತು

ನಮ್ಮಲ್ಲಿ ಎಂಜಿನ್ ಬದಲಿಸುವ ರೂಢಿ ಹೊಸದಲ್ಲ. ಆದರೆ ಆಗ ಪೆಟ್ರೋಲ್ ತೆಗೆದು ಡೀಸೆಲ್ ಹಾಕುತ್ತಿದ್ದರು. ಹಳೆಯ ಜೀಪು, ಅಂಬಾಸಿಡರ್‌ಗಳಿಗೆ ಇದು ಮಾಮೂಲಿ. ಕಂಪ್ಯೂಟರ್ ಇಲ್ಲದ ಗಾಡಿಗಳು, ಲೇತ್ ಮತ್ತು ವೆಲ್ಡಿಂಗ್ ಇದ್ದರೆ ಸಾಕಿತ್ತು.

ಅದಕ್ಕೆ ಕಾರಣ ಬೆಲೆ. ಪೆಟ್ರೋಲ್ ಬೆಲೆಯನ್ನು ಸರ್ಕಾರ 2010ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಿಟ್ಟಿತು, ಡೀಸೆಲ್‌ಗೆ ಮಾತ್ರ ಸಬ್ಸಿಡಿ ಮುಂದುವರಿಯಿತು. 2012ರ ಮೇ ಕೊನೆಗೆ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ, ಡೀಸೆಲ್ ಸುಮಾರು 41. ಲೀಟರಿಗೆ 32 ರೂಪಾಯಿ ಅಂತರ! ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಕೂಡ ಮುಕ್ತವಾಯಿತು. 2025ರಲ್ಲಿ ದೆಹಲಿಯಲ್ಲಿ ಅಂತರ 7 ರೂಪಾಯಿ ಆಸುಪಾಸು ಇತ್ತು. ಇವತ್ತು 10 ವರ್ಷ ದಾಟಿ ಸಂಕಟದಲ್ಲಿರುವ ಕಾರುಗಳಲ್ಲಿ ಬಹಳಷ್ಟು ಆ ಸಬ್ಸಿಡಿ ಕಾಲದವು. ಆಗ ಬೆಲೆ ತೋರಿಸಿ ಡೀಸೆಲ್ ಕಡೆ ಕರೆದ ವ್ಯವಸ್ಥೆಯೇ ಈಗ ಡೀಸೆಲ್ ಯಾಕೆ ಕೊಂಡಿರಿ ಎನ್ನುತ್ತಿದೆ. ಮಾಲೀಕರ ಸಿಟ್ಟಿಗೆ ಇದೂ ಒಂದು ಕಾರಣ, ಅದು ನ್ಯಾಯವಾದದ್ದೇ.

ಡಿಸೆಂಬರ್ ಆದೇಶದ ನಂತರದ ಲೆಕ್ಕ

ಈಗ ಸ್ವಲ್ಪ ಕೂಡು ಕಳೆ ಮಾಡೋಣ. ಬಿಎಸ್-4 ದೇಶಕ್ಕೆಲ್ಲ ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಆದರೆ ದೆಹಲಿ ವಲಯ, ಬೆಂಗಳೂರು, ಮುಂಬೈ ಸೇರಿ 13 ಕಡೆ ಕಾರುಗಳಿಗೆ 2010ರ ಏಪ್ರಿಲ್‌ನಿಂದಲೇ ಜಾರಿಯಲ್ಲಿತ್ತು.

ದೆಹಲಿಯಲ್ಲಿ 2012ರಲ್ಲಿ ನೋಂದಣಿಯಾದ ಡೀಸೆಲ್ ಕಾರು ತೆಗೆದುಕೊಳ್ಳಿ. 10 ವರ್ಷ ದಾಟಿದೆ, ಆದರೆ ಅದು ಬಿಎಸ್-4. ಸದ್ಯಕ್ಕೆ ಕೋರ್ಟಿನ ರಕ್ಷಣೆ ಇದೆ. ಎಂಜಿನ್ ಬದಲಿಸುವ ಅಗತ್ಯವೇ ಇಲ್ಲ. ಇನ್ನು 2009ರ ಡೀಸೆಲ್ ಕಾರು. ಬಿಎಸ್-3, ರಕ್ಷಣೆ ಇಲ್ಲ. ಪೆಟ್ರೋಲ್ ಎಂಜಿನ್ ಹಾಕಿ, ಹೇಗೋ ಆರ್‌ಸಿಯೂ ಬದಲಾಯಿತು ಅಂತಲೇ ಇಟ್ಟುಕೊಳ್ಳಿ. 2009ಕ್ಕೆ 15 ಸೇರಿಸಿದರೆ 2024. ಪೆಟ್ರೋಲ್ ಲೆಕ್ಕದಲ್ಲೂ ಅವಧಿ ಮುಗಿದೇ ಹೋಗಿದೆ.

ಅಂದರೆ ಎಂಜಿನ್ ಬದಲಿಸಿದರೆ ಯಾರಿಗೆ ಲಾಭವೋ ಅವರಿಗೆ ಈಗ ಅದು ಬೇಡ, ಯಾರಿಗೆ ಬೇಕೋ ಅವರಿಗೆ ಅದರಿಂದ ಲಾಭವಿಲ್ಲ. ಬಿಎಸ್-4 ಬಾರದ ಊರುಗಳಲ್ಲಿ 2017ರ ತನಕ ಕೊಂಡು ದೆಹಲಿಗೆ ತಂದ ಬಿಎಸ್-3 ಕಾರುಗಳು ಮಾತ್ರ ಈ ಲೆಕ್ಕದ ಹೊರಗೆ ಉಳಿಯುತ್ತವೆ.

ಒಂದು ಕಡೆ ಮಾತ್ರ ಪೆಟ್ರೋಲ್‌ಗೆ ನಿಜವಾದ ಮೇಲುಗೈ ಇದೆ. ಚಳಿಗಾಲದಲ್ಲಿ ಗಾಳಿ ತೀರಾ ಕೆಟ್ಟು ಮೂರನೇ ಹಂತದ ನಿರ್ಬಂಧ ಬಂದಾಗ, ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ಗೌತಮಬುದ್ಧ ನಗರಗಳಲ್ಲಿ ಬಿಎಸ್-4 ಡೀಸೆಲ್ ಕಾರು ನಿಲ್ಲಿಸುತ್ತಾರೆ, ಬಿಎಸ್-4 ಪೆಟ್ರೋಲ್ ಬಿಡುತ್ತಾರೆ. ಆ ಕೆಲವು ದಿನಗಳಿಗೋಸ್ಕರ ಎಂಜಿನ್ ಬದಲಿಸುತ್ತೀರಾ? ಸುಮ್ನೆ ಮೆಟ್ರೋ ಹತ್ತುವುದು ಅಗ್ಗ.

ವಯಸ್ಸು ನೋಡಬೇಕೋ, ಹೊಗೆ ನೋಡಬೇಕೋ

ಮಾಲೀಕರ ವಾದ ಸರಳ. ವರ್ಷಕ್ಕೆ 5,000 ಕಿಲೋಮೀಟರ್ ಓಡಿದ ಕಾರಿಗೂ, 50,000 ಓಡಿದ ಟ್ಯಾಕ್ಸಿಗೂ ಒಂದೇ ಆಯಸ್ಸು ಹೇಗೆ? ಹೊಗೆ ಅಳೆದು ನಿರ್ಧರಿಸಿ ಎನ್ನುತ್ತಾರೆ. ದೆಹಲಿ ಸರ್ಕಾರವೂ ಕೋರ್ಟಿನಲ್ಲಿ ಹೆಚ್ಚೂಕಮ್ಮಿ ಇದನ್ನೇ ಹೇಳಿತು.

ಎದುರು ವಾದವೂ ಹಗುರವಾದದ್ದಲ್ಲ. ನಮ್ಮ ಎಮಿಷನ್ ಟೆಸ್ಟ್ ನೈಟ್ರೋಜನ್ ಆಕ್ಸೈಡನ್ನಾಗಲಿ ಸೂಕ್ಷ್ಮ ಕಣಗಳನ್ನಾಗಲಿ ಅಳೆಯುವುದೇ ಇಲ್ಲ. ಡೀಸೆಲ್‌ನ ಮುಖ್ಯ ತೊಂದರೆ ಇವೆರಡೇ. ಅಳೆಯದ್ದನ್ನು ಪಾಸು ಎಂದು ಒಪ್ಪುವುದು ಹೇಗೆ? ವಯಸ್ಸು ಒರಟು ಅಳತೆಯೇ, ಆದರೆ ಕೈಯಲ್ಲಿರುವ ಅಳತೆ ಅದು. ಡಿಸೆಂಬರ್ ಆದೇಶ ವಯಸ್ಸಿನಿಂದ ಬಿಎಸ್ ಮಾನದಂಡದ ಕಡೆ ವಾಲಿದ್ದು ಇವೆರಡರ ನಡುವಿನ ದಾರಿ. ನನ್ನ ಮಟ್ಟಿಗೆ ಅದು ಸರಿಯಾದ ದಿಕ್ಕು. ಪರೀಕ್ಷೆ ಸುಧಾರಿಸದಿದ್ದರೆ ಮಾತ್ರ ಅಲ್ಲೇ ನಿಂತುಬಿಡುತ್ತದೆ.

ಬಂಕ್‌ನಲ್ಲಿ ಕಾದಿರುವ ಇನ್ನೊಂದು ಲೆಕ್ಕ

ಉದಾಹರಣೆಗೆ ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುತ್ತೀರಿ ಎನ್ನಿ. ಡೀಸೆಲ್ ಲೀಟರಿಗೆ 18 ಕಿಲೋಮೀಟರ್ ಕೊಟ್ಟು ಬೆಲೆ 90 ರೂಪಾಯಿ ಇದ್ದರೆ ಖರ್ಚು 50,000. ಪೆಟ್ರೋಲ್ 13 ಕೊಟ್ಟು ಬೆಲೆ 100 ಇದ್ದರೆ 77,000 ಹತ್ತಿರ. ಎಂಜಿನ್‌ಗೆ ಸುರಿದ ದುಡ್ಡಿನ ಮೇಲೆ ಪ್ರತಿ ವರ್ಷ ಇದು ಬೇರೆ.

ಇದಕ್ಕೆ ಎಥನಾಲ್ ಸೇರಿಸಿ. 2025ರ ಹೊತ್ತಿಗೆ ಪೆಟ್ರೋಲ್‌ನಲ್ಲಿ 20% ಎಥನಾಲ್ ಬಂದಿದೆ. ಗುಜರಿಯಿಂದ ತರುವ ಹಳೆಯ ಪೆಟ್ರೋಲ್ ಎಂಜಿನ್ 2023ಕ್ಕೆ ಮುಂಚಿನದ್ದಾದರೆ ಅದರ ರಬ್ಬರ್ ಪೈಪು, ಸೀಲುಗಳನ್ನು ಇದಕ್ಕೆಂದು ಮಾಡಿರುವುದು ಕಡಿಮೆ. ನೀತಿ ಆಯೋಗದ 2021ರ ವರದಿಯೇ ಅಂಥ ಕಾರುಗಳಲ್ಲಿ ಮೈಲೇಜ್ 6ರಿಂದ 7% ಇಳಿಯಬಹುದು ಎಂದು ಅಂದಾಜಿಸಿತ್ತು. ಡೀಸೆಲ್‌ನ ತಾಪತ್ರಯ ಬಿಟ್ಟು ಎಥನಾಲ್‌ನ ತಾಪತ್ರಯ ತಲೆ ಮೇಲೆ ಎಳೆದುಕೊಂಡಂತೆ.

ವಿಮೆಯ ಮಾತು ಚಿಕ್ಕದು. ಪಾಲಿಸಿಯಲ್ಲಿ ಡೀಸೆಲ್, ಬಾನೆಟ್ ಒಳಗೆ ಪೆಟ್ರೋಲ್ ಎಂದಾದರೆ ಸ್ವಂತ ಹಾನಿಯ ಕ್ಲೇಮು ತಿರಸ್ಕರಿಸಲು ಕಂಪನಿಗೆ ಒಳ್ಳೆಯ ನೆಪ ಸಿಕ್ಕಂತೆ.

ಕರ್ನಾಟಕದಲ್ಲಿರುವವರಿಗೆ

ಈ 10 ವರ್ಷದ ನಿಯಮ ಇಲ್ಲಿಲ್ಲ. ಡೀಸೆಲ್ ಇರಲಿ, ಪೆಟ್ರೋಲ್ ಇರಲಿ, ಖಾಸಗಿ ಕಾರಿನ ನೋಂದಣಿ 15 ವರ್ಷ. ಆಮೇಲೆ ಗಾಡಿ ಪರೀಕ್ಷೆ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಣ. ಇದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಹಸಿರು ತೆರಿಗೆ ಬೇರೆ ಕಟ್ಟಬೇಕು. ಇಷ್ಟೆಲ್ಲ ಕಟ್ಟಿದರೂ ಎಂಜಿನ್ ಬದಲಿಸುವುದಕ್ಕಿಂತ ಬಹಳ ಅಗ್ಗ. ದೆಹಲಿ ಸುದ್ದಿ ಓದಿ ಹೆದರಿ ಇಲ್ಲಿನ ಡೀಸೆಲ್ ಕಾರನ್ನು ಬಂದಷ್ಟಕ್ಕೆ ಮಾರುವುದಕ್ಕೂ ಕಾರಣವಿಲ್ಲ.

ಎಚ್ಚರ ಬೇಕಿರುವುದು ಉತ್ತರದಿಂದ ಎನ್‌ಒಸಿ (ಬೇರೆ ರಾಜ್ಯಕ್ಕೆ ಒಯ್ಯಲು ಆಕ್ಷೇಪವಿಲ್ಲ ಎಂಬ ಪತ್ರ) ಹಿಡಿದು ಬರುವ ಅಗ್ಗದ ಕಾರುಗಳ ವಿಷಯದಲ್ಲಿ. ಕೊಳ್ಳುವ ಮುಂಚೆ ಆರ್‌ಸಿಯಲ್ಲಿರುವ ಎಂಜಿನ್ ನಂಬರನ್ನು ಎಂಜಿನ್ ಮೇಲೆ ಕೊರೆದಿರುವ ನಂಬರಿಗೆ ಹೋಲಿಸಿ ನೋಡಿ. ಇಂಧನ ತುಂಬುವ ಬಾಯಿಯನ್ನೂ ಒಮ್ಮೆ ಗಮನಿಸಿ. ಸಾಮಾನ್ಯವಾಗಿ ಡೀಸೆಲ್ ಕಾರಿನ ಬಾಯಿ ಅಗಲ, ಪೆಟ್ರೋಲ್‌ನದು ಕಿರಿದು. ಎಂಜಿನ್ ಬದಲಿಸಿದವರು ಎಷ್ಟೋ ಸಲ ಇದನ್ನು ಹಾಗೇ ಬಿಟ್ಟಿರುತ್ತಾರೆ.